ಘಾಟಿಯಲ್ಲಿ ಕಲ್ಲಾದ ಬ್ರೇಕ್ ಪೆಡಲ್

ಶಿರಸಿಯಿಂದ ಕುಮಟಾಕ್ಕೆ ದೇವಿಮನೆ ಘಾಟಿ ಇಳಿಯುವಾಗ ನನ್ನ ಹಳೆಯ ಕಾಂಟೆಸ್ಸಾ ಕಾರಿನ ಬ್ರೇಕ್ ಪೆಡಲ್ ಕಲ್ಲಿನ ಹಾಗೆ ಗಟ್ಟಿಯಾಯಿತು. ಒತ್ತಿದರೆ ಉಸ್ಸ್ ಅನ್ನುವ ಸದ್ದು, ಐಡ್ಲಿಂಗ್ ಏರುಪೇರು.

ಬ್ರೇಕ್ ಪ್ಯಾಡ್, ಎಂಜಿನ್‌ನಿಂದ ಬೂಸ್ಟರ್‌ಗೆ (ಪೆಡಲ್ ಒತ್ತುವ ಬಲ ಹೆಚ್ಚಿಸುವ ಡಬ್ಬಿ) ಹೋಗುವ ವ್ಯಾಕ್ಯೂಮ್ ಹೋಸ್, ಅದರ ಒನ್‌ವೇ ವಾಲ್ವ್ ಬದಲಿಸಿದೆ. ಸುಮ್ನೆ ದುಡ್ಡು ದಂಡ. ಕೊನೆಗೆ ಎಂಜಿನ್ ಆಫ್ ಮಾಡಿ ಪೆಡಲ್ ಐದು ಸಲ ತುಳಿದು, ಒತ್ತಿ ಹಿಡಿದು ಸ್ಟಾರ್ಟ್ ಮಾಡಿದೆ. ಪೆಡಲ್ ಸ್ವಲ್ಪ ಇಳಿಯಬೇಕಿತ್ತು, ಇಳಿಯಲಿಲ್ಲ. ಬೂಸ್ಟರ್ ಬಿಚ್ಚಿದರೆ ಒಳಗೆ ಬ್ರೇಕ್ ಆಯಿಲ್! ಚಕ್ರಗಳಿಗೆ ಬ್ರೇಕ್ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರ್‌ನ ಹಿಂದಿನ ಸೀಲ್ ಸೋರಿ, ಬೂಸ್ಟರ್ ಒಳಗಿನ ರಬ್ಬರ್ ಪರದೆ (ಡಯಾಫ್ರಮ್) ಹಾಳಾಗಿತ್ತು. ಸೀಲ್ ಬಿಟ್ಟು ಬೂಸ್ಟರ್ ಒಂದನ್ನೇ ಬದಲಿಸಬೇಡಿ.

ಎರಡೂ ಹೊಸದಾದ ಮೇಲೂ ಮುಂದಿನ ಚಕ್ರಗಳು ಬಿಸಿಯಾಗುತ್ತಿದ್ದವು. ತಪ್ಪಿದ್ದು ಪುಶ್‌ರಾಡ್ (ಬೂಸ್ಟರ್‌ನಿಂದ ಮಾಸ್ಟರ್ ಸಿಲಿಂಡರ್‌ನ ಪಿಸ್ಟನ್ ತಳ್ಳುವ ಕಡ್ಡಿ) ಉದ್ದ; ಅದು ಜಾಸ್ತಿಯಾಗಿ ಬ್ರೇಕ್ ಪೂರ್ತಿ ಬಿಡುತ್ತಿರಲಿಲ್ಲ. ಪೈಪ್ ಬಿಚ್ಚದೆ, ನಟ್ ಮಾತ್ರ ತೆಗೆದು ಮಾಸ್ಟರ್ ಸಿಲಿಂಡರನ್ನು ಮುಂದಕ್ಕೆ ಎಳೆದೆ. ರಾಡ್ ತುದಿಗೆ ಮಕ್ಕಳ ಆಟದ ಕ್ಲೇ, ಕಡಲೆ ಕಾಳಿನಷ್ಟು, ಅಂಟಿಸಿದೆ. ಸಿಲಿಂಡರ್ ಕೂರಿಸಿ ನಟ್ ಬಿಗಿದು, ಪೆಡಲ್ ಮುಟ್ಟದೆ ಮತ್ತೆ ಬಿಚ್ಚಿದೆ. ಕ್ಲೇ ಪೂರ್ತಿ ಅಪ್ಪಚ್ಚಿ, ನಡುವೆ ಕಬ್ಬಿಣ ಕಾಣುತ್ತಿತ್ತು. ಅಂದರೆ ರಾಡ್‌ಗೂ ಪಿಸ್ಟನ್‌ಗೂ ನಡುವೆ ಗ್ಯಾಪೇ ಇಲ್ಲ. ತುದಿಯ ಬೋಲ್ಟನ್ನು ಅರ್ಧರ್ಧ ಸುತ್ತು ಒಳಗೆ ತಿರುಗಿಸಿ, ಪ್ರತಿ ಸಲ ಹೊಸ ಕ್ಲೇ ಇಟ್ಟು ನೋಡಿದೆ. ದಪ್ಪ 0.5 ಮಿ.ಮೀ. ಬಂದಾಗ ನಿಲ್ಲಿಸಿದೆ. ಜಾಸ್ತಿ ಬಿಟ್ಟರೆ ಪೆಡಲ್ ಕೆಳಗೆ ಹೋಗುತ್ತದೆ, ಅದೂ ಬೇಡ ಅಲ್ವಾ? ಕ್ಲೇ ಒರೆಸಿ, ನಟ್ ಬಿಗಿದು, ಜ್ಯಾಕ್ ಮೇಲೆ ಚಕ್ರ ತಿರುಗಿಸಿದೆ. ಸಲೀಸಾಗಿ ತಿರುಗಿತು.