ಸ್ಟೈರೀನ್ ಪಾಲಿಮರೈಸೇಶನ್ ರೇಟ್ ಅಳೆಯೋದು ಹೇಗೆ, ಆ ವರ್ಗಮೂಲ ಬರೋದು ಎಲ್ಲಿಂದ

ಪಾಲಿಮರೈಸೇಶನ್ ರೇಟು ಮಾನೊಮರ್‌ಗೆ (ಚೈನ್ ಆಗಿ ಸೇರೋ ಪುಟ್ಟ ಅಣು, ಇಲ್ಲಿ ಸ್ಟೈರೀನ್) ನೇರ, ಇನಿಷಿಯೇಟರ್‌ಗೆ (ರಿಯಾಕ್ಷನ್ ಶುರು ಮಾಡೋದು, ಇಲ್ಲಿ ಎಐಬಿಎನ್) ವರ್ಗಮೂಲ, ಇದನ್ನ ಎಲ್ರೂ ಬಾಯಿಪಾಠ ಮಾಡಿರ್ತೀವಿ, ಆದ್ರೆ ಕೈಯಾರೆ ಮಾಡಿ ನೋಡಿದ್ರೇನೇ ತಲೆಗೆ ಹೋಗೋದು. ಸ್ಟೈರೀನ್, ಎಐಬಿಎನ್, 60 ಡಿಗ್ರಿ ವಾಟರ್ ಬಾತ್, ಫ್ಯೂಮ್ ಹುಡ್ ಇದ್ರೆ ಶುರು ಮಾಡ್ಬಹುದು.

ಬಾಟ್ಲಿಯಿಂದ ಬಗ್ಗಿಸಿದ ಸ್ಟೈರೀನ್ ಹಾಗೇ ಬಳಸ್ಬೇಡಿ, ಅದು ತಾನಾಗೇ ಗಟ್ಟಿಯಾಗ್ಬಾರ್ದು ಅಂತ ಇನ್ಹಿಬಿಟರ್ ಹಾಕಿರ್ತಾರೆ, ಅಲ್ಯೂಮಿನಾ ಕಾಲಮ್ಮಲ್ಲಿ ಇಳಿಸಿ ತೆಗೀರಿ. ಮೂರು ಟ್ಯೂಬಿಗೆ 20 ಎಂಎಲ್ ಹಾಕಿ, ಎಐಬಿಎನ್ ಕ್ರಮವಾಗಿ 33, 66, 131 ಮಿಲಿಗ್ರಾಂ, ಅಂದ್ರೆ 0.01, 0.02, 0.04 ಮೋಲಾರ್. ಬಿಸಿ ಮಾಡೋ ಮುಂಚೆ ನೈಟ್ರೋಜನ್ ಚೆನ್ನಾಗಿ ಬಬಲ್ ಮಾಡಿ, ಇಲ್ಲಿ ಅರ್ಜೆಂಟ್ ಮಾಡಿದ್ರೆ ಕೆಟ್ಟಂಗೆ, ಯಾಕಂದ್ರೆ ಉಳಿದ ಆಕ್ಸಿಜನ್, ಎಐಬಿಎನ್ ಒಡೆದು ಹುಟ್ಟೋ, ಚೈನ್ ಬೆಳೆಸೋ ಚುರುಕು ತುಣುಕುಗಳಾದ ರ‍್ಯಾಡಿಕಲ್‌ಗಳನ್ನ ನುಂಗ್ತಾ ಕೂರುತ್ತೆ, ಅದು ಮುಗಿಯೋವರೆಗೂ ರಿಯಾಕ್ಷನ್ ಮೇಲೇಳಲ್ಲ, ನಿಮ್ಮ ಗ್ರಾಫ್ ಸೊನ್ನೆಯಿಂದ ಹೊರಡದೆ ತಡವಾಗಿ ಹೊರಡುತ್ತೆ.

ಅರ್ಧ ಗಂಟೆಗೊಂದ್ಸಲ 2 ಎಂಎಲ್ ಸಿರಿಂಜಲ್ಲಿ ತೆಗೆದು ತೂಗಿ, ರಿಯಾಕ್ಷನ್ ನಿಲ್ಲಿಸೋಕೆ ಚಿಟಿಕೆ ಹೈಡ್ರೋಕ್ವಿನೋನ್ ಹಾಕಿದ ತಣ್ಣನೆ ಮೆಥನಾಲ್‌ಗೆ ಬಿಡಿ. ಬೆಳ್ಳಗೆ ಪಾಲಿಮರ್ ಬೀಳುತ್ತೆ, ಸೋಸಿ, ವ್ಯಾಕ್ಯೂಮಲ್ಲಿ ಒಣಗಿಸಿ ತೂಗಿ. ಪಾಲಿಮರ್ ತೂಕವನ್ನ ಸ್ಯಾಂಪಲ್ ತೂಕದಿಂದ ಭಾಗಿಸಿ ಒಂದರಿಂದ ಕಳೆದ್ರೆ ಉಳಿದ ಮಾನೊಮರ್ ಪಾಲು ಸಿಗುತ್ತೆ. ಆ ಪಾಲಿನ ನ್ಯಾಚುರಲ್ ಲಾಗ್‌ಗೆ ಮೈನಸ್ ಹಾಕಿ ಟೈಮಿನ ಎದುರು ಗೆರೆ ಎಳೀರಿ, ಸ್ಲೋಪೇ ನಿಮಗೆ ಬೇಕಾದ್ದು. 0.01 ಮೋಲಾರ್‌ಗೆ ಗಂಟೆಗೆ ಸುಮಾರು 3 ಪರ್ಸೆಂಟ್ ಬರ್ಬೇಕು, 0.04ಕ್ಕೆ ಸುಮಾರು 6. ಇನಿಷಿಯೇಟರ್ ನಾಲ್ಕು ಪಟ್ಟು, ರೇಟು ಬರೀ ಎರಡು ಪಟ್ಟು!

ಯಾಕೆ ಅಂದ್ರೆ ರ‍್ಯಾಡಿಕಲ್ ಹುಟ್ಟೋದು ಇನಿಷಿಯೇಟರ್ ಎಷ್ಟಿದೆಯೋ ಅಷ್ಟಕ್ಕೆ ತಕ್ಕಂಗೆ, ಸಾಯೋದು ಮಾತ್ರ ಜೋಡಿಯಾಗಿ, ಒಂದಕ್ಕೊಂದು ಡಿಕ್ಕಿ ಹೊಡೆದು. ಹುಟ್ಟು ಸಾವು ಸಮ ಅಂತ ಬರೆದ್ರೆ ರ‍್ಯಾಡಿಕಲ್ ಸಾಂದ್ರತೆಯ ವರ್ಗ ಒಂದು ಕಡೆ, ಇನಿಷಿಯೇಟರ್ ಇನ್ನೊಂದು ಕಡೆ ಕೂರುತ್ತೆ, ವರ್ಗಮೂಲ ಅಲ್ಲೇ ಹುಟ್ಕೊಳ್ಳುತ್ತೆ. ಹುಟ್ಟಿದ್ದೆಲ್ಲಾ ಚೈನ್ ಶುರು ಮಾಡಲ್ಲ ಅನ್ನೋದೂ ನೆನಪಿರ್ಲಿ, ಎಐಬಿಎನ್‌ಗೆ ಈ ಎಫಿಷಿಯೆನ್ಸಿ 0.6ರ ಆಸುಪಾಸು. ಅಂದಹಾಗೆ ಇನಿಷಿಯೇಟರ್ ಜಾಸ್ತಿ ಸುರಿದು ಬೇಗ ಮುಗಿಸ್ತೀನಿ ಅಂದ್ರೆ ಚೈನ್ ಗಿಡ್ಡ ಆಗುತ್ತೆ.

ಮಾನೊಮರ್ 10 ಪರ್ಸೆಂಟ್‌ಗಿಂತ ಜಾಸ್ತಿ ಪಾಲಿಮರ್ ಆದಮೇಲಿನ ಡೇಟಾ ನಾನಾದ್ರೆ ಬಿಸಾಕ್ತೀನಿ. ದ್ರವ ಗಟ್ಟಿಯಾದಂಗೆ ಉದ್ದ ಚೈನ್‌ಗಳು ಒಂದನ್ನೊಂದು ಹುಡುಕಿ ಸಾಯೋದು ಕಷ್ಟ, ಪುಟ್ಟ ಮಾನೊಮರ್ ಮಾತ್ರ ಆರಾಮಾಗಿ ಬಂದು ಸೇರ್ತಿರುತ್ತೆ, ರೇಟು ಏರುತ್ತೆ, ಇದೇ ಜೆಲ್ ಎಫೆಕ್ಟ್. ಮೀಥೈಲ್ ಮೆಥಾಕ್ರಿಲೇಟ್‌ನಲ್ಲಿ ಇದು ಇನ್ನೂ ಜೋರು, ದೊಡ್ಡ ಫ್ಲಾಸ್ಕಲ್ಲಿ ಬಲ್ಕ್ ಆಗಿ, ಅಂದ್ರೆ ಸಾಲ್ವೆಂಟ್ ಇಲ್ದೆ ಬಿಟ್ರೆ ಬಿಸಿ ಕೈಮೀರುತ್ತೆ, ಬೇಡವೇ ಬೇಡ.

ಕೊನೇದಾಗಿ, ಈ ಸ್ಲೋಪಿಂದ ಪ್ರಾಪಗೇಶನ್ (ಚೈನ್ ಬೆಳೆಯೋದು), ಟರ್ಮಿನೇಶನ್ (ಚೈನ್ ಸಾಯೋದು) ಕಾನ್‌ಸ್ಟಂಟ್ ಬೇರೆಬೇರೆ ಸಿಗಲ್ಲ, ಮೊದಲನೇದನ್ನ ಎರಡನೇದರ ವರ್ಗಮೂಲದಿಂದ ಭಾಗಿಸಿದ್ದಷ್ಟೇ ಸಿಗೋದು. ಬಿಡಿಸ್ಬೇಕಂದ್ರೆ ಪಲ್ಸ್ ಲೇಸರ್ ಬೇಕು.