ಹತ್ತು ನಿಮಿಷದ ತುರುಬು

ಒಣಗಿ ಪುಡಿಯಾದ ಜೆಲ್ ಥೇಟ್ ತಲೆಹೊಟ್ಟಿನಂತೆ ಕಾಣುತ್ತದೆ. ಇದನ್ನು ನಾನು ಕಲಿತದ್ದು ಒಬ್ಬ ಗ್ರಾಹಕರ ಕಪ್ಪು ಉಡುಪಿನ ಹೆಗಲ ಮೇಲೆ.

ಅವರು ಮೊಬೈಲಿನಲ್ಲಿ ಒಂದು ಚಿತ್ರ ತೋರಿಸಿದ್ದರು. ಮಿಲಾನ್ ಫ್ಯಾಷನ್ ವೀಕ್‌ನದು. ಈಗ ತಾನೇ ನೀರಿನಿಂದ ಎದ್ದು ಬಂದವಳಂತೆ ರೂಪದರ್ಶಿಯ ಕೂದಲು ನೆತ್ತಿಗೆ ಅಂಟಿಕೊಂಡಿತ್ತು. ಸಂಜೆಯ ಸಮಾರಂಭಕ್ಕೆ ತಮಗೆ ಇದೇ ಬೇಕೆಂದರು. ನಾನು ಕೇಶವಿನ್ಯಾಸದ ಕೆಲಸ ಹಿಡಿದು ಆಗ ನಾಲ್ಕು ವರ್ಷವಾಗಿತ್ತು. ಗೊತ್ತಿಲ್ಲ ಎಂಬ ಮಾತು ಇನ್ನೂ ಬಾಯಿಗೆ ಬರುತ್ತಿರಲಿಲ್ಲ. ಒಣ ಕೂದಲಿಗೆ ಸೀರಂ (ಹೊಳಪು ತರುವ ಜಾರು ದ್ರವ) ಹಚ್ಚಿದೆ, ಅದರ ಮೇಲೆ ಅರ್ಧ ಡಬ್ಬಿ ಜೆಲ್ ಮೆತ್ತಿದೆ, ಬಾಚಿದೆ, ಸಾಲದೆನಿಸಿ ಮತ್ತೆ ಮೆತ್ತಿ ಮತ್ತೆ ಬಾಚಿದೆ. ಕನ್ನಡಿಯಲ್ಲಿ ಚೆನ್ನಾಗಿಯೇ ಕಂಡಿತು. ಎರಡು ಗಂಟೆಯ ನಂತರ ಅವರು ಕಳಿಸಿದ ಚಿತ್ರದಲ್ಲಿ ಹೆಗಲ ತುಂಬ ಬಿಳಿ ಚೂರುಗಳು. ಕೆಳಗೆ ಒಂದೇ ಸಾಲು: "ಇದೇನು?"

ಜೆಲ್ ಎಂದರೆ ಹೆಚ್ಚುಕಡಿಮೆ ನೀರಿನಲ್ಲಿ ಬೆರೆತ ಪಾಲಿಮರ್. ನೀರು ಆರಿದಾಗ ಅದು ಕೂದಲಿನ ಮೇಲೆ ತೆಳುವಾದ ಪೊರೆಯಾಗಿ ಗಟ್ಟಿಯಾಗುತ್ತದೆ. ಕೂದಲು ಒದ್ದೆಯಿರುವಾಗಲೇ ಹಚ್ಚಿದರೆ ಪೊರೆ ಸಮನಾಗಿ ಹರಡುತ್ತದೆ. ಜಾರುವ ಸೀರಂ ಮೇಲೆ ದಪ್ಪಗೆ ಬಳಿದು, ಅರೆಬರೆ ಒಣಗಿದಾಗ ಬಾಚಣಿಗೆ ಎಳೆದರೆ ಆ ಪೊರೆ ಒಡೆದು ಉದುರುತ್ತದೆ. ನಾನು ಮಾಡಿದ್ದು ಅದನ್ನೇ, ಅದೂ ಭಾರಿ ಶ್ರದ್ಧೆಯಿಂದ. ಆದರೆ ಇದು ಆಗ ನನಗೆ ತಿಳಿದಿರಲಿಲ್ಲ. ಜೆಲ್ ಕಳಪೆ ಎಂದುಕೊಂಡು ಬೇರೆ ಡಬ್ಬಿ ತಂದಿದ್ದೆ.

ಸರಿಯಾದ ಉತ್ತರ ಸಿಕ್ಕಿದ್ದು ಮೂರು ವರ್ಷ ಕಳೆದ ಮೇಲೆ, ರ‍್ಯಾಂಪಿನ ಹಿಂಬದಿಯಲ್ಲಿ. ನ್ಯೂಯಾರ್ಕ್, ಲಂಡನ್, ಮಿಲಾನ್, ಪ್ಯಾರಿಸ್ ಎಂದು ಈ ಫ್ಯಾಷನ್ ವಾರಗಳು ವರ್ಷಕ್ಕೆರಡು ಸಲ ಸಾಲಾಗಿ ನಡೆಯುತ್ತವೆ: ಫೆಬ್ರುವರಿ, ಮಾರ್ಚ್‌ನಲ್ಲಿ ಮುಂಬರುವ ಚಳಿಗಾಲದ ಉಡುಪುಗಳಿಗೆ, ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಮುಂದಿನ ಬೇಸಿಗೆಯವಕ್ಕೆ. ಅಂಥದೊಂದು ವಾರದಲ್ಲಿ, ಒಂದೇ ಒಂದು ಷೋಗೆ, ಸಹಾಯಕರ ಸಾಲಿನ ಕಟ್ಟಕಡೆಯ ಜಾಗ ನನಗೆ ಸಿಕ್ಕಿತ್ತು. ಹೊಸತೇನನ್ನೋ ಸೃಷ್ಟಿಸುವ ಹುರುಪಿನಲ್ಲಿ ಹೋಗಿದ್ದೆ. ಅಲ್ಲಿ ಸೃಷ್ಟಿ ಹಿಂದಿನ ದಿನವೇ ಮುಗಿದಿತ್ತು. ಮುಖ್ಯ ಸ್ಟೈಲಿಸ್ಟ್ ಮತ್ತು ವಿನ್ಯಾಸಕರು ಒಬ್ಬಳು ರೂಪದರ್ಶಿಯನ್ನು ಕೂರಿಸಿಕೊಂಡು ಪರೀಕ್ಷೆ ಮಾಡಿ, ಒಪ್ಪಿ, ಮುಂದಿನಿಂದ, ಪಕ್ಕದಿಂದ, ಹಿಂದಿನಿಂದ ತೆಗೆದ ಚಿತ್ರಗಳನ್ನು ಕನ್ನಡಿಗಳಿಗೆ ಅಂಟಿಸಿದ್ದರು. ನಮ್ಮ ಪಾಲಿಗೆ ಉಳಿದದ್ದು ಅದನ್ನು ಮೂವತ್ತಕ್ಕೂ ಹೆಚ್ಚು ತಲೆಗಳ ಮೇಲೆ ಒಂದಿಷ್ಟೂ ಹೆಚ್ಚುಕಡಿಮೆಯಿಲ್ಲದೆ ನಕಲು ಮಾಡುವುದು.

ನನಗೆ ನಕಲು ಮಾಡುವ ಕೆಲಸವನ್ನೂ ಮೊದಲಿಗೆ ಕೊಡಲಿಲ್ಲ. ರೂಪದರ್ಶಿಯರು ಬೇರೊಂದು ಷೋ ಮುಗಿಸಿ ನೇರವಾಗಿ ಓಡಿ ಬರುತ್ತಾರೆ. ತಲೆಯಲ್ಲಿ ಹಿಂದಿನ ಷೋದ ಸ್ಪ್ರೇ, ಪಿನ್, ಹಿಂದಕ್ಕೆ ಬಾಚಿ ಉಬ್ಬಿಸಿದ ಗಂಟುಗಳು ಹಾಗೆಯೇ ಇರುತ್ತವೆ. ಅದನ್ನೆಲ್ಲ ಬಿಡಿಸುವುದು ಕೊನೆಯ ಸಹಾಯಕರ ಪಾಲು. ಮೊದಲು ಬಂದವಳ ಕೂದಲು ಹಲಗೆಯಂತಿತ್ತು, ಬೆರಳಿನಿಂದ ತಟ್ಟಿದರೆ ಸದ್ದು ಬರುತ್ತಿತ್ತು. ನೀರಿನ ಸ್ಪ್ರೇ ಬಾಟಲಿ, ಕಂಡೀಷನರ್, ಅಗಲ ಹಲ್ಲಿನ ಬಾಚಣಿಗೆ ಹಿಡಿದು ನಿಂತೆ. ಗಾಬರಿಯಲ್ಲಿ ಬುಡದಿಂದಲೇ ಬಾಚಣಿಗೆ ಎಳೆಯಲು ಹೋದಾಗ ಪಕ್ಕದ ಹಿರಿಯ ಸಹಾಯಕರು ಏನೂ ಹೇಳದೆ ನನ್ನ ಮಣಿಕಟ್ಟು ಹಿಡಿದು ಕೈಯನ್ನು ಕೆಳಗಿಳಿಸಿದರು. ಸಿಕ್ಕನ್ನು ತುದಿಯಿಂದ ಬಿಡಿಸುತ್ತ ಮೇಲಕ್ಕೆ ಹೋಗಬೇಕು, ಒಂದು ಕೈ ಕೂದಲನ್ನು ಬುಡದ ಹತ್ತಿರ ಬಿಗಿಹಿಡಿದಿರಬೇಕು. ನೀರು ಕುಡಿದ ಕೂದಲು ರಬ್ಬರಿನಂತೆ ಹಿಗ್ಗುತ್ತದೆ, ಒಣ ಕೂದಲಿಗಿಂತ ಬೇಗ ಸೋಲುತ್ತದೆ. ಆ ದಿನ ಮಧ್ಯಾಹ್ನದವರೆಗೆ ನಾನು ಕಟ್ಟಿದ್ದು ಏನೂ ಇಲ್ಲ, ಬರೀ ಬಿಚ್ಚಿದ್ದು.

ಕೊನೆಗೂ ಒಂದು ತಲೆ ನನ್ನ ಕೈಗೆ ಬಂತು. ಅದೃಷ್ಟವೋ ಅಣಕವೋ, ಅಂದಿನ ರೂಪ ಅದೇ ಒದ್ದೆ ಕೂದಲು. ಮುಖ್ಯ ಸ್ಟೈಲಿಸ್ಟ್ ಮಾಡಿ ತೋರಿಸಿದ್ದನ್ನು ಇಂದಿಗೂ ಬಿಡಿಬಿಡಿಯಾಗಿ ಹೇಳಬಲ್ಲೆ. ಕೂದಲನ್ನು ತೇವವಾಗಿಸಿ, ಎರಡು ಬೆರಳಗಲದ ಪದರಗಳಾಗಿ ಕ್ಲಿಪ್ ಹಾಕಿದರು. ಜೆಲ್ಲನ್ನು ನೇರವಾಗಿ ತಲೆಗೆ ಸುರಿಯಲಿಲ್ಲ. ಅಂಗೈಯಲ್ಲಿ ತೆಳ್ಳಗೆ ಉಜ್ಜಿ, ಬುಡದಿಂದ ಕಿವಿಯ ಮಟ್ಟದವರೆಗೆ ಮಾತ್ರ ಒತ್ತಿದರು. ಪ್ರತಿ ಪದರಕ್ಕೂ ಒಂದೇ ಸಲ ಬಾಚಣಿಗೆ. ಮೇಲೆ ಬಲೆ ಕಟ್ಟಿ, ಡ್ರೈಯರನ್ನು ಮೆಲ್ಲಗೆ ಬೀಸುವಂತೆ ಇಟ್ಟು ಪೂರ್ತಿ ಒಣಗಿಸಿದರು. ಪೂರ್ತಿ! ನಾನು ಬೆಚ್ಚಿದ್ದು ಅಲ್ಲಿಯೇ. ಬಲೆ ತೆಗೆದಾಗ ಕೂದಲು ಚಿಪ್ಪಿನಂತೆ ಗಟ್ಟಿಯಾಗಿ, ಮಂಕಾಗಿತ್ತು. ರೂಪದರ್ಶಿ ಉಡುಪು ತೊಟ್ಟು ಸಾಲಿನಲ್ಲಿ ನಿಂತ ಮೇಲೆ, ರ‍್ಯಾಂಪಿಗೆ ಕಾಲಿಡಲು ಇನ್ನೇನು ಎರಡು ನಿಮಿಷವಿರುವಾಗ, ಬೆರಳ ತುದಿಗೆ ಹೊಳಪಿನ ಎಣ್ಣೆ ಸವರಿಕೊಂಡು ಮೇಲ್ಮೈಯನ್ನು ಮುಟ್ಟಿದರು. ಆಗ ಮಾತ್ರ ಅದು ಒದ್ದೆಯಾಯಿತು.

ಎಂದರೆ ಆ ಒದ್ದೆಯಲ್ಲಿ ನೀರೇ ಇರಲಿಲ್ಲ. ನಾನು ಮೂರು ವರ್ಷದ ಹಿಂದೆ ಹಸಿಯನ್ನು ಹಸಿಯಾಗಿಯೇ ಉಳಿಸಲು ಹೆಣಗಿದ್ದೆ. ಕಿವಿಯಿಂದ ಕೆಳಗಿನ ಕೂದಲು ಒಣಗಿ ಸಡಿಲವಾಗಿದ್ದುದನ್ನಂತೂ ನಾನು ಆ ಮಿಲಾನ್ ಚಿತ್ರದಲ್ಲಿ ನೋಡಿಯೇ ಇರಲಿಲ್ಲ.

ಷೋ ಹತ್ತೇ ನಿಮಿಷಕ್ಕೆ ಮುಗಿಯಿತು. ಬೆಳಗಿನಿಂದ ಕಟ್ಟಿದ್ದೆಲ್ಲ ಆ ಹತ್ತು ನಿಮಿಷಕ್ಕಾಗಿ, ನೇರ ಎದುರಿಗಿದ್ದ ಕ್ಯಾಮರಾಗಳಿಗಾಗಿ. ಹಿಂಬದಿಗೆ ಬಂದವರ ತಲೆಗಳಿಂದ ಪಿನ್ ಕೀಳುತ್ತ ಎಣಿಸುತ್ತಿದ್ದಾಗ ಒಬ್ಬಳ ನೆತ್ತಿಯ ಅಂಚು ಕೆಂಪಾಗಿದ್ದುದು ಕಂಡಿತು. ಅವಳಿಗೆ ಅದು ಆ ದಿನದ ಮೂರನೆಯ ಷೋ.

ಅಂದಿನಿಂದ ಗ್ರಾಹಕರು ಮುಂದೆ ಚಿತ್ರ ಹಿಡಿದಾಗ ನಾನು ಮೊದಲು ಹುಡುಕುವುದು ಒಂದನ್ನೇ: ಈ ರೂಪ ಎಲ್ಲಿ ಕುಳಿತಿದೆ, ಕತ್ತರಿಯಲ್ಲೋ ಪಿನ್ನಿನಲ್ಲೋ? ಕತ್ತರಿಯಲ್ಲಿ ಕುಳಿತದ್ದು ಮನೆಗೆ ಬರುತ್ತದೆ, ಸ್ನಾನ ಮಾಡಿದರೂ ಉಳಿಯುತ್ತದೆ. 1960ರ ದಶಕದಲ್ಲಿ ಲಂಡನ್ನಿನಲ್ಲಿ ಕೇಶವಿನ್ಯಾಸಕ ವಿಡಾಲ್ ಸಸೂನ್ ಕತ್ತರಿಸಿದ ಬಾಬ್ ಎಂಬ ಗಿಡ್ಡ ಕಟ್, ವಸ್ತ್ರವಿನ್ಯಾಸಕಿ ಮೇರಿ ಕ್ವಾಂಟ್ ಅವರ ಉಡುಪುಗಳ ಜೊತೆ ಹೆಸರಾದದ್ದು, ಇಂಥದು. ಅದಕ್ಕೂ ಮೊದಲು ಹೆಂಗಸರು ರೋಲರ್ ಸುತ್ತಿಸಿಕೊಂಡು, ಡ್ರೈಯರ್ ಕೆಳಗೆ ಕುಳಿತು, ಸ್ಪ್ರೇ ಹೊಡೆಸಿಕೊಂಡು ಆ ಕಟ್ಟಡವನ್ನು ಕೆಡದಂತೆ ಕಾಯಬೇಕಿತ್ತು. ಸಸೂನ್ ಕಟ್‌ನಲ್ಲಿ ತಲೆ ಕೊಡವಿದರೆ ಕೂದಲು ತಾನಾಗಿಯೇ ತನ್ನ ಜಾಗಕ್ಕೆ ಬಂದು ಕೂರುತ್ತಿತ್ತು. ನನ್ನ ಮಟ್ಟಿಗೆ ರ‍್ಯಾಂಪಿನಿಂದ ಬೀದಿಗೆ ಬಂದ ಕೇಶವಿನ್ಯಾಸಗಳಲ್ಲಿ ಇದಕ್ಕಿಂತ ದೊಡ್ಡದಿಲ್ಲ.

ಕತ್ತರಿಯ ರೂಪಕ್ಕೆ ಧೈರ್ಯ ಬೇಕು, ಅಷ್ಟೆ. 1988ರಲ್ಲಿ ಛಾಯಾಗ್ರಾಹಕ ಪೀಟರ್ ಲಿಂಡ್‌ಬರ್ಗ್ ಅವರ ಸಲಹೆ ಕೇಳಿ ರೂಪದರ್ಶಿ ಲಿಂಡಾ ಇವಾಂಜೆಲಿಸ್ಟಾ ಉದ್ದ ಕೂದಲನ್ನು ಹುಡುಗರಂತೆ ಗಿಡ್ಡ ಮಾಡಿಸಿಕೊಂಡರು. ಕತ್ತರಿ ಹಿಡಿದವರು ಜೂಲಿಯಾನ್ ದೀಸ್. ಒಪ್ಪಿಕೊಂಡಿದ್ದ ಹಲವು ಷೋಗಳು ಲಿಂಡಾ ಅವರ ಕೈತಪ್ಪಿದವು, ತಿಂಗಳುಗಳು ಕಳೆಯುವಷ್ಟರಲ್ಲಿ ಅದೇ ಕಟ್ ಎಲ್ಲರಿಗೂ ಬೇಕಾಯಿತು. ಅದೇ ದೀಸ್ ಜಪಾನಿನ ಫ್ಯಾಷನ್ ಸಂಸ್ಥೆ ಕಾಮ್ ದೆ ಗಾರ್ಸೋನ್‌ನ ಷೋಗಳಿಗೆ ಶಿಲ್ಪದಂಥ ವಿಗ್‌ಗಳನ್ನೂ ಕಟ್ಟಿದ್ದಾರೆ. ಅದನ್ನು ಇದುವರೆಗೆ ಯಾರೂ ನನ್ನ ಬಳಿ ಕೇಳಿಲ್ಲ, ದೇವರು ದೊಡ್ಡವನು.

ಪಿನ್ನಿನ ರೂಪಗಳಿಂದ ನಾನು ಒಂದನ್ನು ಮಾತ್ರ ಎತ್ತಿಕೊಳ್ಳುತ್ತೇನೆ. ಹೆಚ್ಚಾಗಿ ಅದು ಬೈತಲೆ. ಷೋಗಳ ವಿಡಿಯೊಗಳನ್ನು ಸದ್ದು ಅಡಗಿಸಿ, ಉಡುಪು ಬಿಟ್ಟು ಹಣೆಯನ್ನಷ್ಟೇ ನೋಡಿದರೆ ತಿಳಿಯುತ್ತದೆ, ಕಾಲ ಬದಲಾದದ್ದನ್ನು ಮೊದಲು ಹೇಳುವುದು ಬೈತಲೆಯೇ. ನಡುಬೈತಲೆ ಮುಖವನ್ನು ಎರಡು ಪಾಲು ಮಾಡಿ ಮೂಗನ್ನು ಎತ್ತಿ ತೋರಿಸುತ್ತದೆ. ಕಿವಿಯ ಹತ್ತಿರಕ್ಕೆ ಸರಿದ ಓರೆಬೈತಲೆ ಒಂದು ಹುಬ್ಬನ್ನು ಮುಚ್ಚಿ ಇನ್ನೊಂದಕ್ಕೆ ಗತ್ತು ಕೊಡುತ್ತದೆ.

ಆದರೆ ಬೈತಲೆಯನ್ನು ಬದಲಿಸುವುದು ಗೆರೆ ಎಳೆದಷ್ಟು ಸುಲಭವಲ್ಲ. ನನ್ನ ತಲೆಯ ಮೇಲೆಯೇ ಮಾಡಿ ನೋಡಿದೆ. ಹತ್ತು ವರ್ಷ ನಡುವಿನಲ್ಲಿದ್ದ ಬೈತಲೆಯನ್ನು ಎಡಕ್ಕೆ ಸರಿಸಿದ ದಿನ ಬುಡಗಳು ಮೊಂಡು ಹಿಡಿದು ಗೋಪುರದಂತೆ ನಿಂತವು. ಮಧ್ಯಾಹ್ನದ ಹೊತ್ತಿಗೆ ಕೂದಲು ತನ್ನ ಹಳೆಯ ದಾರಿಗೆ ಮರಳಿತ್ತು. ಸ್ಪ್ರೇ ಹೊಡೆದು ಬಗ್ಗಿಸಲು ಎರಡು ದಿನ ನೋಡಿ ಸೋತೆ. ನೀರು ಬೇಕಿತ್ತು. ಕೂದಲಿನೊಳಗಿನ ಹೈಡ್ರೋಜನ್ ಬಂಧಗಳು ನೀರು ತಾಗಿದರೆ ಕಳಚಿಕೊಳ್ಳುತ್ತವೆ, ಒಣಗುವಾಗ ಕೂದಲು ಯಾವ ಭಂಗಿಯಲ್ಲಿದೆಯೋ ಅದೇ ಭಂಗಿಯಲ್ಲಿ ಮತ್ತೆ ಬೆಸೆದುಕೊಳ್ಳುತ್ತವೆ. ಹಾಗಾಗಿ ಬುಡವನ್ನು ಒದ್ದೆ ಮಾಡಿ, ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಅಡ್ಡಡ್ಡ ಬಾಚುತ್ತ ಡ್ರೈಯರ್ ಹಿಡಿದು, ಹಳೆಯ ದಾರಿಯನ್ನು ಮರೆಸಿದ ಮೇಲೆ ಹೊಸ ಗೆರೆ ಎಳೆದೆ. ಬಿಸಿ ಆರುವವರೆಗೆ ಎರಡು ಉದ್ದ ಕ್ಲಿಪ್ ಒತ್ತಿಟ್ಟೆ. ಮೂರು ವಾರ ದಿನವೂ ಇದೇ. ಆಮೇಲೆ ಕೂದಲು ಒಪ್ಪಿತು. ತೇವದ ಹವೆಯಿದ್ದ ದಿನ ಮಾತ್ರ ಈಗಲೂ ಹಳೆಯ ಮನೆಯ ಕಡೆಗೆ ಒಮ್ಮೆ ತಿರುಗಿ ನೋಡುತ್ತದೆ.

ಸುಳಿ ಇದ್ದರೆ ಅದಕ್ಕೆ ಎದುರಾಡಬಾರದು. ನೆತ್ತಿಯ ಸುಳಿ ಎಲ್ಲರಿಗೂ ಗೊತ್ತು, ಕೆಲವರಿಗೆ ಹಣೆಯಂಚಿನಲ್ಲೂ ಒಂದಿರುತ್ತದೆ. ಬೈತಲೆಯನ್ನು ಆ ಸುಳಿಯ ಮೂಲಕವೇ ಹಾಯಿಸಿದರೆ ಒಂದು ಬದಿ ತಾನಾಗಿ ಎದ್ದು ನಿಂತು, ಕೂದಲು ಉಬ್ಬಿಸುವ ಯಾವ ಮೂಸ್ ನೊರೆ ಕೂಡ ಕೊಡದ ಉಬ್ಬು ಪುಕ್ಕಟೆಯಾಗಿ ಸಿಗುತ್ತದೆ. ಎದುರು ದಿಕ್ಕಿಗೆ ಎಳೆದರೆ ಇಡೀ ದಿನ ಜಗಳ.

ನುಣುಪಾಗಿ ಹಿಂದಕ್ಕೆ ಬಾಚಿ ಕತ್ತಿನ ಕುಳಿಯ ಮೇಲೆ ಕೂರಿಸುವ ತುರುಬಿನ ಬಗ್ಗೆ ನನ್ನದು ಸ್ವಲ್ಪ ಕಟುವಾದ ಅಭಿಪ್ರಾಯ. ನೋಡಲು ಚೆಂದ, ಮಾಡಲೂ ಸುಲಭ. ಆದರೆ ಅದನ್ನು ದಿನವೂ ಬಿಗಿಯಾಗಿ ಕಟ್ಟಿಕೊಂಡರೆ ಹಣೆಯಂಚಿನ, ಕಿವಿಯ ಮೇಲಿನ ಎಳೆಗೂದಲು ಮೊದಲು ತೆಳುವಾಗಿ, ಆಮೇಲೆ ಉದುರುತ್ತದೆ. ಎಳೆತ ವರ್ಷಗಟ್ಟಲೆ ಮುಂದುವರಿದರೆ ಹೋದದ್ದು ಮರಳಿ ಬಾರದೆಯೂ ಇರಬಹುದು. ಕಟ್ಟಿದ ಮೇಲೆ ಹುಬ್ಬು ಮೇಲಕ್ಕೇರಿದಂತೆ ಅನಿಸಿದರೆ ಬಿಗಿ ಹೆಚ್ಚಾಯಿತೆಂದೇ ಅರ್ಥ. ನಾನು ಈಗ ಮೊದಲು ಕೆಳಗಿನ ಅರ್ಧವನ್ನು ಸಡಿಲವಾಗಿ ಕಟ್ಟಿ, ಮೇಲಿನ ಪದರವನ್ನು ಅದರ ಮೇಲೆ ಹೊದಿಸಿ, ಜೆಲ್ ಮತ್ತು ಮೆತ್ತನೆಯ ಬ್ರಷ್ಷಿನಿಂದ ನುಣುಪು ತರುತ್ತೇನೆ. ನುಣುಪು ಬ್ರಷ್ಷಿನಿಂದ ಬರಲಿ, ಎಳೆತದಿಂದ ಬೇಡ.

ಬಿಸಿ ಉಪಕರಣಗಳ ಮಾತು ಹೆಚ್ಚು ಬೇಕಿಲ್ಲ. ಒದ್ದೆ ಕೂದಲಿಗೆ ಐರನ್ ತಾಗಿಸಬೇಡಿ: ಒಳಗಿನ ನೀರು ಕುದಿದು ಆವಿಯಾಗಿ ಕೂದಲಿನೊಳಗೇ ಗುಳ್ಳೆ ಏಳಿಸುತ್ತದೆ, ಆ ಜಾಗದಲ್ಲಿ ಕೂದಲು ತುಂಡಾಗುತ್ತದೆ. ಸುತ್ತಿದ ಗುಂಗುರನ್ನು ಆರುವ ಮೊದಲು ಮುಟ್ಟಬೇಡಿ. ರಿಬ್ಬನ್ನಿನ ಮಾತಂತೂ ಇನ್ನೂ ಸರಳ. ಲಂಡನ್ನಿನಲ್ಲಿ ಸಿಮೋನ್ ರೋಶಾ, ನ್ಯೂಯಾರ್ಕಿನಲ್ಲಿ ಸ್ಯಾಂಡಿ ಲಿಯಾಂಗ್ ಎಂಬ ವಿನ್ಯಾಸಕಿಯರು ಬೋಗಳನ್ನು, ಎಂದರೆ ರಿಬ್ಬನ್ನಿನ ಹೂಗಂಟುಗಳನ್ನು, ಮತ್ತೆ ಮೆರೆಸಿದ ಮೇಲೆ ನನ್ನ ಗ್ರಾಹಕರಲ್ಲಿ ಅರ್ಧದಷ್ಟು ಜನ ಜಡೆಯ ತುದಿಗೆ ಒಂದನ್ನು ಕಟ್ಟಿಕೊಂಡು ಹೋದರು. ಅದಕ್ಕೆ ನನ್ನ ಅಗತ್ಯವೇ ಇರಲಿಲ್ಲ.

ಮೊನ್ನೆ ಮೊನ್ನೆ ಬಂದ ಒಬ್ಬರ ಕೂದಲು ಸೊಂಟದವರೆಗಿತ್ತು. ಅವರು ತೋರಿಸಿದ್ದು ಹಳೆಯ ಚಿತ್ರ: 2014ರ ಸೆಪ್ಟೆಂಬರ್, ನ್ಯೂಯಾರ್ಕ್, ವಿನ್ಯಾಸಕ ಮಾರ್ಕ್ ಜೇಕಬ್ಸ್ ಅವರ ಷೋ. ಮೇಕಪ್ ಇಲ್ಲದ ಮುಖಗಳು, ಎಲ್ಲರ ತಲೆಯಲ್ಲೂ ಒಂದೇ ಅಚ್ಚಿನ ಕಪ್ಪು ಗಿಡ್ಡ ಕೂದಲು.

"ಇದು ಯಾರ ಕೂದಲೂ ಅಲ್ಲ, ವಿಗ್," ಎಂದೆ. ಕೇಶವಿನ್ಯಾಸಕ ಗೀಡೊ ಪಲೌ ಅವರ ಕೈಚಳಕ.

ಅವರು ನಂಬಲಿಲ್ಲ. ಒಂದೊಂದೇ ಚಿತ್ರವನ್ನು ಹಿಗ್ಗಿಸಿ ತೋರಿಸಿದೆ. ಒಬ್ಬರ ಕೂದಲು ಇನ್ನೊಬ್ಬರ ಕೂದಲಿನಂತೆ ಬೀಳುವುದುಂಟೇ? ಒಬ್ಬರ ಸುಳಿ ಎಡಕ್ಕಿದ್ದರೆ ಇನ್ನೊಬ್ಬರದು ಬಲಕ್ಕಿರಬೇಕಲ್ಲ? ಅವರು ಬಹಳ ಹೊತ್ತು ನೋಡಿದರು.

"ಆದರೂ ನನಗೆ ಬೇಕು," ಎಂದರು.

ಕತ್ತರಿ ತೆಗೆಯಲಿಲ್ಲ. ಮುಂದಿನ ಕೂದಲನ್ನು ಸಡಿಲ ಬಿಟ್ಟು, ಉಳಿದದ್ದನ್ನು ಹಿಂದೆ ಸಡಿಲವಾದ ಜಡೆ ಹೆಣೆದು, ಅದನ್ನು ಒಳಮುಖವಾಗಿ ಮೇಲಕ್ಕೆ ಮಡಚಿ, ಕತ್ತಿನ ಹತ್ತಿರ ಪಿನ್‌ಗಳನ್ನು ಒಂದರ ಮೇಲೊಂದು ಅಡ್ಡ ಬರುವಂತೆ ಚುಚ್ಚಿದೆ. ಅಡ್ಡ ಹಾಕಿದ ಎರಡು ಪಿನ್ ಮಾಡುವ ಕೆಲಸವನ್ನು ನೆಟ್ಟಗೆ ಚುಚ್ಚಿದ ಆರು ಮಾಡುವುದಿಲ್ಲ. ಮುಂದಿನಿಂದ ನೋಡಿದರೆ ಗದ್ದದ ಮಟ್ಟದ ಬಾಬ್. ಅವರು ತಲೆಯನ್ನು ಆ ಕಡೆ ಈ ಕಡೆ ತಿರುಗಿಸಿ ನಕ್ಕರು. ಒಂದು ವಾರ ದಿನವೂ ಹೀಗೆಯೇ ಮಡಚಿಕೊಂಡು ಓಡಾಡಿ, ಎಂಟನೆಯ ದಿನವೂ ಬೇಕೆನಿಸಿದರೆ ಬನ್ನಿ, ಕತ್ತರಿಸುತ್ತೇನೆ ಎಂದು ಮಡಚುವುದನ್ನು ಹೇಳಿಕೊಟ್ಟು ಕಳಿಸಿದೆ. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ.

ಐದನೆಯ ದಿನಕ್ಕೇ ಬಂದರು, ತಲೆಗೆ ಸ್ಕಾರ್ಫ್ ಸುತ್ತಿಕೊಂಡು. ಹಿಂದಿನ ಜಡೆ ಹಾಗೆಯೇ ಇತ್ತು. ಮುಂದೆ ಮಾತ್ರ ಹುಬ್ಬಿಗೆ ಮೂರು ಬೆರಳು ಮೇಲೆ, ಬಲಕ್ಕೆ ಏರಿದ ಒಂದು ಮುಂಗೂದಲು.

"ಸ್ನಾನ ಮಾಡಿದ ತಕ್ಷಣ ಕತ್ತರಿಸಿದಿರಾ?"

"ಹೌದು. ಆಗ ಹುಬ್ಬಿನವರೆಗೆ ಸರಿಯಾಗಿಯೇ ಇತ್ತು."

ಒಣಗಿ ಕುಗ್ಗಿದ್ದು ಎರಡು ಬೆರಳು. ಬಲಕ್ಕೆ ಏರಿದ ಭಾಗಕ್ಕೆ ಬೇರೆ ಕಾರಣವಿರಬೇಕು. ಸ್ಪ್ರೇ ಬಾಟಲಿ ತೆಗೆದುಕೊಂಡು, ಅವರ ಹಣೆಯಂಚನ್ನು ಒದ್ದೆ ಮಾಡಿ, ಬೆರಳ ತುದಿಯಲ್ಲಿ ಸುಳಿ ಹುಡುಕತೊಡಗಿದೆ.