ಗಾಲಿಕುರ್ಚಿ ಏರುವ ವ್ಯಾನ್: ಮೊದಲು ನೆಲ, ಆಮೇಲೆ ಸೀಟು

ಗಾಲಿಕುರ್ಚಿ ಬಳಸುವವರು ಮನೆಯಲ್ಲಿದ್ದರೆ ಪ್ರಯಾಣದ ಲೆಕ್ಕವೆಲ್ಲ ಎತ್ತಿ ಕೂರಿಸುವವರ ಬಿಡುವಿನ ಮೇಲೆ ನಿಂತಿರುತ್ತದೆ. ಜಮಖಂಡಿಯಿಂದ ಬೆಳಗಾವಿಯ ಆಸ್ಪತ್ರೆಗೆ ಬರಬೇಕೆಂದರೆ ರಟ್ಟೆ ಗಟ್ಟಿಯಿರುವ ಇಬ್ಬರು ಜೊತೆಗೆ ಬೇಕು. ಅವರು ಕಬ್ಬು ಕಡಿಸಲು ಹೋದ ದಿನ ಆಸ್ಪತ್ರೆಯ ತಾರೀಖು ಮುಂದಕ್ಕೆ ಹೋಗುತ್ತದೆ. ಕುರ್ಚಿಯ ಸಮೇತ ಒಳಗೆ ಹೋಗಬಹುದಾದ ವ್ಯಾನ್ ಇದ್ದರೆ ಈ ಗೋಜಲು ಇರುವುದಿಲ್ಲ.

ಅಂಥ ವ್ಯಾನ್ ಮಾಡಿಸಲು ಹೊರಟವರು ಮೊದಲು ವಿಚಾರಿಸುವುದು ಸೀಟನ್ನೇ. ಎಷ್ಟು ಉಳಿಯುತ್ತವೆ, ಮಡಚಬಹುದೇ, ಹೊದಿಕೆ ಯಾವ ಬಣ್ಣದ್ದು. ಸೀಟನ್ನು ಮುಂದಿನ ವರ್ಷವೂ ಬದಲಿಸಬಹುದು, ಒಮ್ಮೆ ಹಾಕಿಸಿದ ನೆಲವನ್ನು ಕೀಳಿಸಲು ಯಾರಿಗೂ ಮನಸ್ಸಾಗುವುದಿಲ್ಲ. ಹಾಗಾಗಿ ಹಣವನ್ನು ನೆಲಕ್ಕೆ ಸುರಿಯಿರಿ, ಉಳಿದರೆ ಹೊದಿಕೆಯ ಮಾತಾಡಿ.

1. ಕುರ್ಚಿಯಲ್ಲಿ ಕೂರಿಸಿಯೇ ಅಳತೆ ತೆಗೆಯಿರಿ

ಖಾಲಿ ಕುರ್ಚಿಯ ಅಳತೆ ಉಪಯೋಗಕ್ಕೆ ಬಾರದು. ದಿನವೂ ಬಳಸುವ ಮೆತ್ತೆ ಹಾಕಿ, ವ್ಯಕ್ತಿಯನ್ನು ಕೂರಿಸಿ, ನೆಲದಿಂದ ನೆತ್ತಿಯವರೆಗೆ ಅಳೆಯಿರಿ. ಹಿಂದಿನ ಹಿಡಿಕೆಯಿಂದ ಕಾಲ್ಬೆರಳ ತುದಿಯವರೆಗಿನ ಉದ್ದ, ಎರಡೂ ಮೊಣಕೈಗಳ ಹೊರ ಅಂಚಿನ ಅಗಲ ಬರೆದುಕೊಳ್ಳಿ. ಕಟ್ಟಡಗಳಲ್ಲಿ ಒಂದು ಗಾಲಿಕುರ್ಚಿಗೆ 900 ಮಿ.ಮೀ. ಅಗಲ, 1200 ಮಿ.ಮೀ. ಉದ್ದದ ಜಾಗ ಬಿಡುವುದು ರೂಢಿ. ವ್ಯಾನಿನಲ್ಲಿ ಕುರ್ಚಿಯನ್ನು ಬಿಗಿಯುವ ಪಟ್ಟಿಗಳು ಮುಂದೆಯೂ ಹಿಂದೆಯೂ ಚಾಚಿಕೊಳ್ಳುವುದರಿಂದ ಉದ್ದ ಇನ್ನಷ್ಟು ಬೇಕಾಗುತ್ತದೆ. ಒಳಗಿನ ಚಾವಣಿಗಿಂತ ಬಾಗಿಲ ಚೌಕಟ್ಟು ತಗ್ಗಾಗಿರುತ್ತದೆ, ತಲೆ ತಾಗುವುದು ಅಲ್ಲಿಯೇ.

ತೂಕ ಮರೆಯಬೇಡಿ. ಬ್ಯಾಟರಿ ಕುರ್ಚಿಯೊಂದೇ 100 ಕೆ.ಜಿ. ದಾಟುವುದುಂಟು. ಮನೆಯ ತಕ್ಕಡಿ ಸಾಲದಿದ್ದರೆ ಎಪಿಎಂಸಿ ಪ್ರಾಂಗಣದ ವೇದಿಕೆ ತಕ್ಕಡಿ ಇದೆ. ಮೆಣಸಿನಕಾಯಿ ಚೀಲಗಳ ನಡುವೆ ಕುರ್ಚಿ ತೂಗಿಸಲು ಸಂಕೋಚ ಬೇಕಿಲ್ಲ.

2. ಅಡಿಯಲ್ಲಿ ಏನಿದೆ ನೋಡಿ ವ್ಯಾನ್ ಆರಿಸಿ

ನಮ್ಮ ಕಡೆ ಮೊದಲು ನೆನಪಾಗುವುದು ಮಾರುತಿ ಈಕೋ. ಜಾರುವ ಬಾಗಿಲು, ಹಿಂದೆ ಬೇಕಾದಷ್ಟು ಜಾಗ. ಆದರೆ ಅದರ ಎಂಜಿನ್ ಮುಂದಿನ ಸೀಟಿನ ಕೆಳಗಿದ್ದು, ಎಳೆತ ಹಿಂದಿನ ಚಕ್ರಕ್ಕೆ ಹೋಗುತ್ತದೆ. ನಡುವೆ ತಿರುಗುವ ಉದ್ದನೆಯ ಶಾಫ್ಟ್ ಇರುವುದರಿಂದ ನೆಲವನ್ನು ತಗ್ಗಿಸುವುದು ಸುಲಭದ ಕೆಲಸವಲ್ಲ. ಸಿಎನ್‌ಜಿ ಮಾದರಿಯಾದರೆ ಹಿಂದಿನ ಜಾಗದಲ್ಲಿ ಸಿಲಿಂಡರ್ ಕೂತಿರುತ್ತದೆ. ಟಾಟಾ ವಿಂಗರ್ ಮುಂದಿನ ಚಕ್ರದ ಎಳೆತದ ವಾಹನ, ನಡುವೆ ಶಾಫ್ಟ್ ಹಾಯುವುದಿಲ್ಲ. ಫೋರ್ಸ್ ಟ್ರಾವೆಲರ್‌ನಲ್ಲಿ ತಲೆಗೆ ಧಾರಾಳ ಜಾಗವಿದೆ, ನೆಲ ಎತ್ತರ. ಅದಕ್ಕೆ ರ‍್ಯಾಂಪ್‌ಗಿಂತ ಎತ್ತುವ ಲಿಫ್ಟ್ ವಾಸಿ.

ರ‍್ಯಾಂಪಿನ ಲೆಕ್ಕ ಹೀಗೆ. ನೆಲ 60 ಸೆಂ.ಮೀ. ಎತ್ತರದಲ್ಲಿದೆ ಎಂದುಕೊಳ್ಳಿ. ಕಟ್ಟಡಗಳಲ್ಲಿ ಪಾಲಿಸುವ 1:12 ಇಳಿಜಾರಿಗೆ, ಅಂದರೆ ಒಂದು ಪಾಲು ಏರಲು ಹನ್ನೆರಡು ಪಾಲು ಉದ್ದದ ಲೆಕ್ಕಕ್ಕೆ, 7.2 ಮೀಟರ್ ಹಲಗೆ ಬೇಕು, ಅದು ವ್ಯಾನಿಗಿಂತ ಉದ್ದ. 1:6 ಆದರೆ 3.6 ಮೀಟರ್, 1:4 ಆದರೆ 2.4 ಮೀಟರ್. 1:4ರಲ್ಲಿ ಭಾರದ ಕುರ್ಚಿಯನ್ನು ಒಬ್ಬರೇ ತಳ್ಳಿ ಹತ್ತಿಸುವುದು ಕಷ್ಟ, ಎಳೆಯುವ ವಿಂಚ್ ಬೇಕಾದೀತು. ಬೆಳಗಾವಿಯ ಖಡೇಬಜಾರಿನಂಥ ಕಡೆ ಹಿಂದಿನಿಂದ ರ‍್ಯಾಂಪ್ ಇಳಿಸಿದರೆ ಸಂತೆಯೇ ನಿಂತೀತು. ಪಕ್ಕದಿಂದ ಇಳಿಸಲು ಅಷ್ಟೇ ಜಾಗ ಅಡ್ಡಲಾಗಿ ಬೇಕು. ವ್ಯಾನ್ ಹೆಚ್ಚು ಹೊತ್ತು ಎಲ್ಲಿ ನಿಲ್ಲುತ್ತದೆ ಎಂಬುದನ್ನು ನೋಡಿ ಬಾಗಿಲನ್ನು ತೀರ್ಮಾನಿಸಿ.

3. ಡ್ರಿಲ್ ಹಿಡಿಯುವ ಮೊದಲು ಆರ್‌ಟಿಒ ಕಚೇರಿ

ತಯಾರಕರ ಮೂಲ ವಿವರಕ್ಕೆ ಹೊಂದದಂತೆ ವಾಹನ ಬದಲಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಡೆಯುತ್ತದೆ. ಅಂಗವಿಕಲರ ಬಳಕೆಗೆಂದು ಮಾರ್ಪಡಿಸುವ ವಾಹನಕ್ಕೆ 2019ರ ತಿದ್ದುಪಡಿ ದಾರಿ ಮಾಡಿಕೊಟ್ಟಿದೆ, ನೋಂದಣಿ ಪ್ರಾಧಿಕಾರದ ಒಪ್ಪಿಗೆ ಬೇಕು. ವಾಹನ ಬೆಳಗಾವಿಯ ಕೆಎ-22 ಇರಲಿ, ವಿಜಯಪುರದ ಕೆಎ-28 ಇರಲಿ, ಬಾಗಲಕೋಟೆಯ ಕೆಎ-29 ಇರಲಿ, ನಕ್ಷೆ ಹಿಡಿದುಕೊಂಡು ಮೊದಲೇ ಹೋಗಿ ಮಾತಾಡಿ. ಸೀಟುಗಳ ಸಂಖ್ಯೆ ಬದಲಾದರೆ ಅದು ಆರ್‌ಸಿಯಲ್ಲಿ ನಮೂದಾಗಬೇಕು, ವಿಮಾ ಕಂಪನಿಗೂ ಬರವಣಿಗೆಯಲ್ಲಿ ತಿಳಿಸಬೇಕು.

4. ನೆಲ ಮತ್ತು ಹಳಿ

ಎರಡು ಬಗೆಯ ನೆಲಗಳಿವೆ. ಒಂದರಲ್ಲಿ ನಾಲ್ಕೈದು ಕಡೆ ಕೊಂಡಿ ಸಿಕ್ಕಿಸುವ ಗುಳಿಗಳಿರುತ್ತವೆ, ಕುರ್ಚಿ ಅಲ್ಲಿಯೇ ನಿಲ್ಲಬೇಕು. ಇನ್ನೊಂದರಲ್ಲಿ ವ್ಯಾನಿನ ಉದ್ದಕ್ಕೂ ಅಲ್ಯೂಮಿನಿಯಂ ಹಳಿಗಳು ಓಡುತ್ತವೆ. ಮೂಲತಃ ವಿಮಾನದ ಸೀಟುಗಳಿಗೆ ಬಳಸುವ ಹಳಿಯಿದು. ಮನೆಯ ಅಗತ್ಯ ವರ್ಷದಿಂದ ವರ್ಷಕ್ಕೆ ಬದಲಾಗುವುದರಿಂದ ಹಳಿಗೇ ನನ್ನ ಮತ. ಮಗುವಿನ ಸಣ್ಣ ಕುರ್ಚಿ ಹೋಗಿ ದೊಡ್ಡದು ಬಂದಾಗ ಗುಳಿಯ ನೆಲ ತಲೆನೋವಾಗುತ್ತದೆ.

ಹಳಿಯನ್ನು ಬಗ್ಗಿ ನೋಡಿದರೆ ಅದರ ನಡುವೆ ಸೀಳು, ಸೀಳಿನುದ್ದಕ್ಕೂ ಸುಮಾರು 25 ಮಿ.ಮೀ.ಗೊಂದು ದುಂಡನೆಯ ರಂಧ್ರ. ಸೀಟಿನ ಕಾಲಿನ ಅಥವಾ ಪಟ್ಟಿಯ ತುದಿಯ ಲೋಹದ ಗುಂಡಿ ರಂಧ್ರದಲ್ಲಿ ಇಳಿಯುತ್ತದೆ. ಅಲ್ಲಿಂದ ಎರಡು ರಂಧ್ರಗಳ ನಡುವಿನ ಅಂತರದ ಅರ್ಧದಷ್ಟು ಸರಿಸಿದರೆ ಗುಂಡಿಯ ತಲೆ ಸೀಳಿನ ತುಟಿಗಳ ಕೆಳಗೆ ಸಿಕ್ಕಿಕೊಳ್ಳುತ್ತದೆ. ಆಗ ಮೇಲಿನ ಸ್ಪ್ರಿಂಗ್ ಪಿನ್ನು ಪಕ್ಕದ ರಂಧ್ರಕ್ಕೆ ಟಕ್ಕನೆ ಬೀಳಬೇಕು. ಶಬ್ದ ಕೇಳಿಸಿದ ಮೇಲೂ ಒಮ್ಮೆ ಹಿಂದಕ್ಕೆ ಮುಂದಕ್ಕೆ ಜಗ್ಗಿ ನೋಡಿ. ಪಿನ್ನು ಅರ್ಧಕ್ಕೇ ನಿಂತಿದ್ದರೆ ಸೀಟು ಕೂತಂತೆ ಕಾಣುತ್ತದೆ, ಕೂತಿರುವುದಿಲ್ಲ.

ಇಷ್ಟು ಬಿಗುವು ಯಾಕೆ? ಗಾಲಿಕುರ್ಚಿ ಬಿಗಿಯುವ ವ್ಯವಸ್ಥೆಗಳ ಅಂತರರಾಷ್ಟ್ರೀಯ ಮಾನಕ ಐಎಸ್‌ಒ 10542. ಅದರ ಪರೀಕ್ಷೆಯಲ್ಲಿ 85 ಕೆ.ಜಿ.ಯ ಕುರ್ಚಿಯೊಂದನ್ನು ಗಂಟೆಗೆ 48 ಕಿ.ಮೀ. ವೇಗದ ಡಿಕ್ಕಿಗೆ ಒಡ್ಡುತ್ತಾರೆ, ಆಘಾತ ಗುರುತ್ವಕ್ಕಿಂತ ಸುಮಾರು 20 ಪಟ್ಟು. ಗುಣಿಸಿದರೆ ಕುರ್ಚಿಯೊಂದೇ 1,700 ಕೆ.ಜಿ. ಭಾರದಷ್ಟು ಬಲದಿಂದ ಮುಂದಕ್ಕೆ ನುಗ್ಗುತ್ತದೆ. ಕೂತವರ ತೂಕ ಇದರಲ್ಲಿ ಸೇರಿಲ್ಲ. ಪ್ಲೈವುಡ್ಡಿಗೆ ಸ್ಕ್ರೂ ಹೊಡೆದು ಕೂರಿಸಿದ ಹಳಿ ಈ ಬಲಕ್ಕೆ ಹಲಗೆ ಸಮೇತ ಕಿತ್ತು ಬರುತ್ತದೆ. ಬೋಲ್ಟ್ ತಗಡನ್ನು ದಾಟಿ ಕೆಳಗಿಳಿಯಬೇಕು, ಅಲ್ಲಿ ಭಾರ ಹಂಚುವ ಉಕ್ಕಿನ ಪಟ್ಟಿ ಇರಬೇಕು, ಆದಷ್ಟು ಕಡೆ ಅದು ಚಾಸಿಯ ತೊಲೆಗೆ ಸೇರಿರಬೇಕು. ಕೊರೆಯುವ ಮುನ್ನ ಕೆಳಗೆ ಮಲಗಿ ಬ್ರೇಕ್ ಕೊಳವೆ, ಇಂಧನ ಕೊಳವೆ ಎಲ್ಲಿ ಹಾಯ್ದಿವೆ ಎಂದು ಸೀಮೆಸುಣ್ಣದಲ್ಲಿ ಗುರುತು ಹಾಕಿಸಿ. ಕೊರೆದ ಪ್ರತಿ ರಂಧ್ರಕ್ಕೆ ತುಕ್ಕುನಿರೋಧಕ ಬಳಿದು ಸೀಲ್ ಮಾಡಿಸಿ. ಖಾನಾಪುರದ ಮಳೆಗೆ ತಗಡು ಹೆಚ್ಚು ಕಾಲ ತಡೆಯುವುದಿಲ್ಲ.

ಬೆಳಗಾವಿಯ ಉದ್ಯಮಬಾಗದಲ್ಲಿ ಹೇಳಿ ಮಾಡಿಸಲಾಗದ ಲೋಹದ ವಸ್ತು ಕಡಿಮೆ. ರ‍್ಯಾಂಪ್, ಕೆಳಗಿನ ಉಕ್ಕಿನ ಪಟ್ಟಿ, ಹಿಡಿಕೆಗಳನ್ನು ಅಲ್ಲಿ ಧಾರಾಳವಾಗಿ ಮಾಡಿಸಿ. ಹಳಿ, ಗುಂಡಿ, ಕುರ್ಚಿ ಬಿಗಿಯುವ ಪಟ್ಟಿ ಈ ಮೂರನ್ನು ಮಾತ್ರ ಮಾಡಿಸಬೇಡಿ, ಪರೀಕ್ಷೆಯಾದ ಒಂದೇ ತಯಾರಕರ ಜೋಡಿಯನ್ನು ಕೊಳ್ಳಿ. ಲೇತ್‌ನಿಂದ ಇಳಿದ ಗುಂಡಿ ನೋಡಲು ಥೇಟ್ ಹಾಗೆಯೇ ಇರುತ್ತದೆ, ಡಿಕ್ಕಿಯಲ್ಲಿ ಅದು ಹೇಗೆ ವರ್ತಿಸುತ್ತದೆ ಎಂಬುದು ಮಾಡಿದವರಿಗೂ ಗೊತ್ತಿರುವುದಿಲ್ಲ.

ಹಳಿ ನೆಲದ ಮಟ್ಟಕ್ಕೇ ಹುದುಗಿರಲಿ. ಎದ್ದು ನಿಂತರೆ ಕುರ್ಚಿಯ ಮುಂದಿನ ಚಿಕ್ಕ ಗಾಲಿ ಅದಕ್ಕೆ ಸಿಕ್ಕಿ ಅಡ್ಡ ತಿರುಗುತ್ತದೆ. ಮೇಲೆ ಜಾರದ ವಿನೈಲ್ ಹಾಸಿ. ಕಾರ್ಪೆಟ್ ಹಾಕಿಸಿಕೊಳ್ಳಿ ಎನ್ನುವವರ ಮಾತು ಕೇಳಬೇಡಿ.

5. ಈಗ ಸೀಟು

ಮೂವರು ಕೂರುವ ಉದ್ದನೆಯ ಸೀಟಿಗಿಂತ ಬಿಡಿ ಸೀಟುಗಳೇ ಒಳ್ಳೆಯವು. ಆಸ್ಪತ್ರೆಗೆ ಹೋಗುವ ದಿನ ನಡುವೆ ಕುರ್ಚಿ, ಪಕ್ಕದಲ್ಲಿ ಒಂದೇ ಸೀಟು. ಜೊತೆಗಿರುವವರಿಗೆ ಕುರ್ಚಿಯಲ್ಲಿರುವವರ ಮುಖ ಕಾಣಬೇಕು, ನೀರು ಕುಡಿಸಲು ಕೈ ಎಟುಕಬೇಕು. ಬನಶಂಕರಿ ಜಾತ್ರೆಗೆ ಇಡೀ ಮನೆ ಹೊರಟಾಗ ಹಿಂದಿನ ಸಾಲೂ ಬರಲಿ. ಕಳಚಿದ ಸೀಟನ್ನು ಎತ್ತುವವರು ಯಾರು, ಪಡಸಾಲೆಯಲ್ಲಿ ಇಡುವುದೆಲ್ಲಿ ಎಂದು ಕೊಳ್ಳುವ ಮೊದಲೇ ಯೋಚಿಸಿ. ಎತ್ತುವವರು ಇಲ್ಲದ ಮನೆಗೆ ಗೋಡೆಯತ್ತ ಮಡಚುವ ಸೀಟೇ ಸರಿ. ಬೆಲ್ಟ್ ಸೀಟಿಗೇ ಜೋಡಿಸಿದ್ದರೆ ಕೂತವರ ಭಾರವೆಲ್ಲ ಸೀಟಿನ ಕಾಲುಗಳ ಮೂಲಕ ಹಳಿಗೇ ಇಳಿಯುತ್ತದೆ. ಆದ್ದರಿಂದ ಸೀಟೂ ಆ ಹಳಿಯ ಮೇಲೆ ಪರೀಕ್ಷೆಯಾದದ್ದೇ ಆಗಿರಬೇಕು.

6. ಬಿಗಿಯುವುದು

ಕುರ್ಚಿ ಯಾವಾಗಲೂ ಮುಂದಕ್ಕೆ ಮುಖ ಮಾಡಿರಲಿ, ಅಡ್ಡಲಾಗಿ ಬೇಡವೇ ಬೇಡ. ಬ್ರೇಕ್ ಹಾಕಿ, ಬ್ಯಾಟರಿ ಕುರ್ಚಿಯಾದರೆ ಸ್ವಿಚ್ ಆರಿಸಿ. ಹಿಂದಿನ ಎರಡು ಪಟ್ಟಿಗಳು ನೆಲದೊಂದಿಗೆ 30ರಿಂದ 45 ಡಿಗ್ರಿ ಕೋನದಲ್ಲಿ ನೇರವಾಗಿ ಹಿಂದಕ್ಕೆ ಹೋಗಲಿ, ಎದುರಿನ ಡಿಕ್ಕಿಯ ಬಹುಪಾಲು ಹೊರೆ ಅವುಗಳದ್ದೇ. ಮುಂದಿನವು 40ರಿಂದ 60 ಡಿಗ್ರಿಯಲ್ಲಿ, ಕುರ್ಚಿಗಿಂತ ತುಸು ಅಗಲಕ್ಕೆ ಚಾಚಿರಲಿ. ಚೋರ್ಲಾ ಘಾಟಿನ ತಿರುವುಗಳಲ್ಲಿ ಕುರ್ಚಿ ವಾಲದಂತೆ ತಡೆಯುವುದು ಈ ಅಗಲ. ಕೊಕ್ಕೆ ಬೀಳಬೇಕಾದದ್ದು ಚೌಕಟ್ಟಿನ ಬೆಸುಗೆಯ ಗಟ್ಟಿ ಜಾಗಕ್ಕೆ. ಗಾಲಿ, ಕಾಲಿಡುವ ಹಲಗೆ, ಕಳಚಿ ಬರುವ ಕೈದಿಂಬಿಗೆ ಹಾಕಿದರೆ ಹಾಕದಂತೆಯೇ.

ಕುರ್ಚಿಯನ್ನು ಕಟ್ಟಿದ ಮಾತ್ರಕ್ಕೆ ಕೂತವರನ್ನು ಕಟ್ಟಿದಂತಾಗುವುದಿಲ್ಲ. ಅವರಿಗೆ ಪ್ರತ್ಯೇಕ ಸೊಂಟ ಮತ್ತು ಭುಜದ ಬೆಲ್ಟ್ ಬೇಕು. ಸೊಂಟದ ಬೆಲ್ಟ್ ಕೈದಿಂಬಿನ ಮೇಲೆ ಹಾಯದೆ, ಅದರ ಒಳಗಿನಿಂದ ಬಂದು ಹೊಟ್ಟೆಯ ಕೆಳಗೆ ಎಲುಬಿನ ಮೇಲೆ ಕೂರಬೇಕು. ನೆಟ್ಟಗೆ ಕೂರಲೆಂದು ಕುರ್ಚಿಯಲ್ಲೇ ಇರುವ ಪಟ್ಟಿ ಈ ಕೆಲಸಕ್ಕೆ ಸಾಲದು.

7. ಎರೆಮಣ್ಣಿನ ಕಾಟ

ವಿಜಯಪುರ, ಬಾಗಲಕೋಟೆಯ ಹೊಲದ ದಾರಿಯಿಂದ ಬಂದ ಗಾಲಿಗೆ ಎರೆಮಣ್ಣು ಮೆತ್ತಿರುತ್ತದೆ. ಅದು ಹಳಿಯ ರಂಧ್ರದಲ್ಲಿ ಬಿದ್ದು ಒಣಗಿದರೆ ಕಲ್ಲಿನಂತಾಗಿ ಪಿನ್ನು ಪೂರ್ತಿ ಇಳಿಯಲು ಬಿಡುವುದಿಲ್ಲ. ಹತ್ತಿಸುವ ಮೊದಲು ಗಾಲಿ ಒರೆಸಿ. ಬಳಸದ ಕಡೆ ಹಳಿಗೆ ಪ್ಲಾಸ್ಟಿಕ್ ಮುಚ್ಚಳ ಹಾಕಿ. ವಾರಕ್ಕೊಮ್ಮೆ ಗಟ್ಟಿ ಬ್ರಷ್ಷಿನಿಂದ ಕೆದಕಿ ವ್ಯಾಕ್ಯೂಮ್ ಮಾಡಿ. ಸಲೀಸಾಗಲೆಂದು ಗ್ರೀಸ್ ಮೆತ್ತಿದರೆ ಧೂಳು ಅದಕ್ಕೇ ಅಂಟಿಕೊಳ್ಳುತ್ತದೆ. ಬೋಲ್ಟುಗಳನ್ನು ವ್ಯಾನಿನ ಪ್ರತಿ ಸರ್ವಿಸಿಗೂ ತಪಾಸಣೆ ಮಾಡಿಸಿ. ಅಂಚು ಹರಿದ, ಬಿಸಿಲಿಗೆ ಬಿರುಸಾದ ಪಟ್ಟಿಯನ್ನು ಬದಲಿಸಿ. ಅಪಘಾತ ಕಂಡ ಪಟ್ಟಿ ಹೊರಗೆ ಹೊಸದರಂತೆ ಕಂಡರೂ ಕತ್ತರಿಸಿ ಎಸೆಯಿರಿ, ಇಡಿಯಾಗಿ ಬಿಟ್ಟರೆ ಯಾರಾದರೂ ಅದನ್ನು ಮತ್ತೆ ವ್ಯಾನಿಗೇ ತಂದು ಹಾಕುತ್ತಾರೆ.